ಮೈಕ್ ಆಮೇಲೆ, ಮೊದಲು ಕೋಣೆ: ಮನೆಯಲ್ಲೇ ರ‍್ಯಾಪ್ ರೆಕಾರ್ಡಿಂಗ್

ಪ್ರಶ್ನೆ: ನಮ್ಮದು ಬಾಡಿಗೆ ಮನೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆ, ಟೈಲ್ಸ್ ನೆಲ. ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯುವಂಥದ್ದು), ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ತೆಗೆದುಕೊಂಡರೂ ಬಚ್ಚಲುಮನೆಯಲ್ಲಿ ಮಾತಾಡಿದ ಹಾಗೆ ಕೇಳುತ್ತದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದೆ, ಪ್ರಯೋಜನ ಆಗಲಿಲ್ಲ. ಇನ್ನೂ ಒಳ್ಳೆಯ ಮೈಕ್ ಬೇಕೇ?
– ಓದುಗರು, ಕೊಟ್ಟಾರ, ಮಂಗಳೂರು

ಉತ್ತರ: ಬೇಡ. ನಿಮ್ಮ ಮೈಕ್ ಸರಿಯಾಗಿಯೇ ಇದೆ. ಕೋಣೆ ಹೇಗಿದೆಯೋ ಹಾಗೆ ಹಿಡಿದುಕೊಡುತ್ತಿದೆ. ಇನ್ನೂ ಒಳ್ಳೆಯದನ್ನು ತಂದರೆ ಗೋಡೆಯ ಸದ್ದು ಇನ್ನೂ ಚೆನ್ನಾಗಿ ಕೇಳೀತು. ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಅದರ ಹಿಂದೆಯೇ ಸಣ್ಣ ಬಾಲದ ಹಾಗೆ ಒಂದು ಗುಂಯ್ ಕೇಳಿಸಿದರೆ, ನಿಮ್ಮ ಪ್ರತಿ ಅಕ್ಷರಕ್ಕೂ ಅದೇ ಬಾಲ ಅಂಟುತ್ತಿದೆ. ಎಳೆದು ಹಾಡುವ ಹಾಡಿಗೆ ಅದು ಸ್ವಲ್ಪ ಒಪ್ಪೀತು. ರ‍್ಯಾಪ್‌ನಲ್ಲಿ ಒಂದು ಅಕ್ಷರದ ಬಾಲ ಇನ್ನೊಂದರ ತಲೆಯ ಮೇಲೆ ಕೂರುತ್ತದೆ, ಮಾತು ಮಸುಕಾಗುತ್ತದೆ.

ಮೊಟ್ಟೆ ಟ್ರೇ ತೆಗೆದುಬಿಡಿ. ತೆಳು ಕಾಗದ ಅದು, ತೀರಾ ಮೇಲಿನ ಸದ್ದನ್ನು ಒಂದಿಷ್ಟು ತಡೆಯುತ್ತದೆ ಅಷ್ಟೆ. ದನಿಯ ತೂಕ ಇರುವುದು ಸುಮಾರು 150ರಿಂದ 500 ಹರ್ಟ್ಸ್‌ನಲ್ಲಿ, ಅದನ್ನು ಹೀರಲು ದಪ್ಪ ಬೇಕು. ವೈರು, ಸ್ವಿಚ್‌ಬೋರ್ಡು ಇರುವ ಗೋಡೆಯಾದರೆ ಬೆಂಕಿಯ ಭಯ ಬೇರೆ.

ಮನೆಯಲ್ಲಿರುವ ಹತ್ತಿ ಹಾಸಿಗೆ ಎರಡು ತನ್ನಿ. ಒಂದು ಮೂಲೆಯಲ್ಲಿ ಎರಡೂ ಗೋಡೆಗೆ ಒಂದೊಂದನ್ನು ನೆಟ್ಟಗೆ ನಿಲ್ಲಿಸಿ, ಗೋಡೆಯಿಂದ ನಾಲ್ಕು ಇಂಚು ಈಚೆಗೆ. ಗೋಡೆಗೆ ತಾಗಿದಲ್ಲಿ ಗಾಳಿ ಹೆಚ್ಚು ಅಲುಗುವುದಿಲ್ಲ, ಸ್ವಲ್ಪ ಈಚೆ ಅಲುಗುತ್ತದೆ. ಹತ್ತಿ ಹಿಡಿಯುವುದು ಅಲುಗುವ ಗಾಳಿಯನ್ನೇ. ಈಗ ಆ ಮೂಲೆಗೆ ಬೆನ್ನು ಹಾಕಿ ನಿಂತು, ಮೈಕ್ ಎದುರಿಗಿಟ್ಟುಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲೇ: ಹಾಸಿಗೆಯನ್ನು ಮೈಕ್‌ನ ಹಿಂದೆ ಇಡುತ್ತಾರೆ. ಕಾರ್ಡಿಯಾಯ್ಡ್ ಮೈಕ್‌ಗೆ ತನ್ನ ಬೆನ್ನ ಹಿಂದಿನದು ಕಡಿಮೆ ಕೇಳುತ್ತದೆ, ನಿಮ್ಮ ಬೆನ್ನ ಹಿಂದಿನ ಗೋಡೆ ಪೂರ್ತಿ ಕೇಳುತ್ತದೆ. ಕಾಲಡಿಗೆ ದಪ್ಪ ಜಮಖಾನ ಹಾಸಿ.

ಉದ್ದ ಅಗಲ ಎರಡೂ ಹತ್ತಡಿ ಇರುವ ಕೋಣೆಗೆ ಇನ್ನೊಂದು ತೊಂದರೆಯಿದೆ. ಎರಡೂ ದಿಕ್ಕಿನಲ್ಲಿ ಸುಮಾರು 56 ಹರ್ಟ್ಸ್ ಮತ್ತು ಅದರ ದುಪ್ಪಟ್ಟು, 112 ಹರ್ಟ್ಸ್ ಒಟ್ಟಿಗೆ ಮೊಳಗುತ್ತವೆ. ಗಂಡಸರ ದನಿಗೆ 112 ನೇರ ತಾಗುತ್ತದೆ. ಹಾಗಾಗಿ ಮೈಕನ್ನು ಕೋಣೆಯ ನಟ್ಟನಡುವೆ ಇಡಬೇಡಿ, ಒಂದೆರಡು ಅಡಿ ಸರಿಸಿ.

ಬಾಯಿಗೂ ಮೈಕಿಗೂ 15 ಸೆಂಟಿಮೀಟರ್, ಅಂದರೆ ಸುಮಾರು ಮುಕ್ಕಾಲು ಗೇಣು. ಮೂವತ್ತರಿಂದ ಹದಿನೈದಕ್ಕೆ ಬಂದರೆ ನಿಮ್ಮ ನೇರ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಸದ್ದು ಇದ್ದಲ್ಲೇ ಇರುತ್ತದೆ. ಕಾಸಿಲ್ಲದೆ ಸಿಗುವ ಇಷ್ಟು ದೊಡ್ಡ ಲಾಭ ಬೇರೊಂದಿಲ್ಲ.

ಪ್ರಶ್ನೆ: ಒಟ್ಟು ಹತ್ತು ಸಾವಿರ ರೂಪಾಯಿ ಇದೆ. ಮನೆ ಹೆದ್ದಾರಿ ಪಕ್ಕ, ದಿನವಿಡೀ ಲಾರಿ ಸದ್ದು. ಏನೇನು ಕೊಳ್ಳಲಿ?
– ಓದುಗರು, ಸುರತ್ಕಲ್

ಉತ್ತರ: ಡೈನಮಿಕ್ ಮೈಕ್ ತೆಗೆದುಕೊಳ್ಳಿ. ಹತ್ತಿರದ ದನಿ ಹಿಡಿದು ದೂರದ್ದನ್ನು ಬಿಡುವಂತೆ ಅದನ್ನು ಬಳಸುವುದು ಸುಲಭ. ಬೆರಿಂಗರ್ ಎಕ್ಸ್‌ಎಂ 8500 ಕಡಿಮೆ ಬೆಲೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಶೂರ್ ಎಸ್‌ಎಂ 58 ಅದಕ್ಕಿಂತ ಮೇಲು. ಆದರೆ ತೀರಾ ಅಗ್ಗಕ್ಕೆ ಸಿಕ್ಕಿದರೆ ಅನುಮಾನಿಸಿ, ಅದರ ನಕಲಿ ಬಹಳ ಓಡಾಡುತ್ತದೆ. ಉಳಿದ ಹಣದಲ್ಲಿ ಒಂದು ಇನ್‌ಪುಟ್‌ನ ಯುಎಸ್‌ಬಿ ಇಂಟರ್‌ಫೇಸ್, ಮೂರು ಮೀಟರ್ ಎಕ್ಸ್‌ಎಲ್‌ಆರ್ ಕೇಬಲ್, ಗಟ್ಟಿ ಸ್ಟ್ಯಾಂಡ್, ಕಿವಿ ಪೂರ್ತಿ ಮುಚ್ಚುವ ವೈರ್ ಹೆಡ್‌ಫೋನ್. ಕಿವಿ ಮುಚ್ಚದಿದ್ದರೆ ಬೀಟ್ ಸೋರಿ ಮೈಕ್‌ಗೆ ಹೋಗುತ್ತದೆ, ಆಮೇಲೆ ಬೀಟ್ ಬದಲಿಸಲಾಗದು.

ಮೈಕನ್ನು ನೇರ ಲ್ಯಾಪ್‌ಟಾಪ್‌ನ ಸಣ್ಣ ಜ್ಯಾಕ್‌ಗೆ ಚುಚ್ಚುವ ಕಿಟ್‌ಗಳಿಗೆ ಮರುಳಾಗಬೇಡಿ. ಸ್ಟುಡಿಯೊ ಕಂಡೆನ್ಸರ್‌ಗೆ ಸಾಮಾನ್ಯವಾಗಿ 48 ವೋಲ್ಟ್ ಬೇಕು. ಆ ಜ್ಯಾಕ್ ಕೊಡುವುದು ಕೆಲವೇ ವೋಲ್ಟ್, ಜೊತೆಗೆ ಉಸ್ ಎಂಬ ಸದ್ದು.

ರೆಕಾರ್ಡಿಂಗ್ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಇಡಿ. ವರ್ಸ್‌ನ ಅತಿ ಜೋರಿನ ಸಾಲನ್ನು ನಿಜವಾದ ಆವೇಶದಲ್ಲೇ ಹೇಳಿ, ಮೀಟರ್ ಮೈನಸ್ 10 ಡೆಸಿಬೆಲ್‌ನ ಆಸುಪಾಸಿಗೆ ಬರುವಷ್ಟು ಗೇನ್ (ಮೈಕ್‌ನ ಸದ್ದು ಏರಿಸುವ ಇಂಟರ್‌ಫೇಸ್‌ನ ತಿರುಪು) ಕೊಡಿ. ಪರೀಕ್ಷೆಗೆಂದು ಮೆಲ್ಲಗೆ ಹೇಳಿ ಗೇನ್ ಇಟ್ಟರೆ ಟೇಕ್‌ನಲ್ಲಿ ಕೆಂಪು ದೀಪ ಹೊತ್ತಿ ಒಳ್ಳೆಯ ಸಾಲೇ ಒಡೆದು ಹೋಗುತ್ತದೆ. ಒಡೆದದ್ದು ಆಮೇಲೆ ಸರಿಯಾಗುವುದು ಕಷ್ಟ. ಸಾಫ್ಟ್‌ವೇರ್‌ಗೆ ದುಡ್ಡು ಬೇಡ, ಆಡಾಸಿಟಿ ಅಥವಾ ಬ್ಯಾಂಡ್‌ಲ್ಯಾಬ್ ಸಾಕು.

ಪ್ರಶ್ನೆ: ಹಂಚಿನ ಮನೆ. ಮಳೆಗಾಲದಲ್ಲಿ ರೆಕಾರ್ಡ್ ಮಾಡಲು ಆಗುತ್ತಲೇ ಇಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದರೆ ಗುಂಯ್ ಎಂಬ ಸದ್ದು ಬೇರೆ.
– ಓದುಗರು, ಬ್ರಹ್ಮಾವರ

ಉತ್ತರ: ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಹಾಸಿಗೆ ತಡೆಯಲಾರದು. ದನಿ ನಿಂತೊಡನೆ ಸದ್ದು ಮುಚ್ಚುವ ನಾಯ್ಸ್ ಗೇಟ್ ಹಾಕಿದರೂ ಮಾತಿನ ನಡುವೆ ಮಾತ್ರ ಮೌನವಾಗುತ್ತದೆ. ಮಾತಿನ ಅಡಿಯಲ್ಲಿ ಮಳೆ ಹಾಗೇ ಇದ್ದು ಇನ್ನೂ ಕಿರಿಕಿರಿ. ಮಳೆ ಬಿಟ್ಟ ಹೊತ್ತಿಗೆ ಎಲ್ಲ ಸಿದ್ಧವಿರಲಿ: ಸಾಲು ಬಾಯಿಪಾಠ, ಬೀಟ್ ಜೋಡಣೆ, ಗೇನ್ ಗುರುತು. ಫ್ಯಾನ್ ನಿಲ್ಲಿಸಲೇಬೇಕು. ನಮ್ಮ ಸೆಕೆಯಲ್ಲಿ ಕಾಲು ಗಂಟೆಗಿಂತ ಹೆಚ್ಚು ಎಳೆಯಬೇಡಿ, ಬೆವರಿ ಬಳಲಿದ ದನಿ ಟೇಕ್‌ನಲ್ಲಿ ಗೊತ್ತಾಗುತ್ತದೆ.

ಪ್ಯೂರ್ ಸೈನ್ ವೇವ್ ಅಲ್ಲದ ಇನ್ವರ್ಟರ್‌ನ ಕರೆಂಟ್ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ಆ ಮೆಟ್ಟಿಲುಗಳೇ ಗುಂಯ್ ಎನ್ನುವುದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಕರೆಂಟ್ ಇದ್ದಾಗಲೂ 50 ಹರ್ಟ್ಸ್ ಗುಂಯ್ ಬಂದರೆ ಪ್ಲಗ್‌ಪಾಯಿಂಟ್‌ನ ಅರ್ಥಿಂಗ್ ಇಲೆಕ್ಟ್ರಿಷಿಯನ್‌ಗೆ ತೋರಿಸಿ. ಅರ್ಥ್ ಪಿನ್ ಮುರಿದರೆ ಸದ್ದು ಹೋಗುತ್ತದೆಂದು ಯಾರು ಹೇಳಿದರೂ ಹಾಗೆ ಮಾಡಬೇಡಿ, ಅದು ಪ್ರಾಣಕ್ಕೆ ಅಪಾಯ.

ಕಂಡೆನ್ಸರ್ ಮೈಕ್ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತೇವ ಹಿಡಿದ ಕ್ಯಾಪ್ಸೂಲ್ (ಮೈಕ್‌ನೊಳಗೆ ದನಿ ಹಿಡಿಯುವ ಭಾಗ) ಚಟಪಟ ಎನ್ನುತ್ತದೆ. ಗೋಡೆಯ ಬಳಿ ನಿಲ್ಲಿಸಿದ ಹಾಸಿಗೆಯನ್ನೂ ಕೆಲಸ ಮುಗಿದ ಮೇಲೆ ತೆಗೆಯಿರಿ, ಬೂಷ್ಟು ಹಿಡಿದೀತು.

ಪ್ರಶ್ನೆ: ಹೆಡ್‌ಫೋನ್‌ನಲ್ಲಿ ನನ್ನ ದನಿ ತಡವಾಗಿ ಕೇಳಿ ತಾಳ ತಪ್ಪುತ್ತದೆ.
– ಓದುಗರು, ಮಣಿಪಾಲ

ಉತ್ತರ: ಬ್ಲೂಟೂತ್ ಹೆಡ್‌ಫೋನ್ ಆದರೆ ಬಿಟ್ಟುಬಿಡಿ, ಅದರ ತಡ ಸರಿಯಾಗದು. ವೈರಿನದ್ದಾದರೆ ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ (ದನಿಯನ್ನು ಕಂಪ್ಯೂಟರ್‌ಗೆ ಸುತ್ತಿಸದೆ ನೇರ ಕೇಳಿಸುವ ಗುಂಡಿ) ಒತ್ತಿ, ಸಾಫ್ಟ್‌ವೇರ್‌ನ ಮಾನಿಟರಿಂಗ್ ಆಫ್ ಮಾಡಿ. ಸಾಫ್ಟ್‌ವೇರ್ ಮೂಲಕವೇ ಕೇಳಬೇಕಿದ್ದರೆ ವಿಂಡೋಸ್‌ನಲ್ಲಿ ಎಎಸ್‌ಐಒ (ಸದ್ದಿನ ತಡ ತಗ್ಗಿಸುವ ಡ್ರೈವರ್) ಹಾಕಿ, ಅದನ್ನು ಒಪ್ಪುವ ಸಾಫ್ಟ್‌ವೇರ್ ಬಳಸಿ, ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) 128ಕ್ಕೆ ಇಳಿಸಿ. 48 ಕಿಲೋಹರ್ಟ್ಸ್‌ನಲ್ಲಿ 1024 ಬಫರ್ ಒಂದೇ 21 ಮಿಲಿಸೆಕೆಂಡ್ ತಿನ್ನುತ್ತದೆ, 128 ತಿನ್ನುವುದು ಮೂರಕ್ಕಿಂತ ಕಡಿಮೆ.

ಪ್ರಶ್ನೆ: ತುಳುವಿನಲ್ಲೂ ಕನ್ನಡದಲ್ಲೂ ಬರೆಯುತ್ತೇನೆ. ಪ, ಭ ಬಂದಾಗ ಧಡ್ ಎನ್ನುತ್ತದೆ, ಸ, ಶ ಕಿವಿಗೆ ಚುಚ್ಚುತ್ತವೆ, ಬೀಟ್ ಸೇರಿಸಿದರೆ ಸಾಲಿನ ಕೊನೆಯೇ ಕೇಳಿಸುವುದಿಲ್ಲ.
– ಓದುಗರು, ಉಳ್ಳಾಲ

ಉತ್ತರ: ಅಂಗೈಯನ್ನು ಬಾಯಿಯ ಮುಂದೆ ಹಿಡಿದು 'ಭೂಮಿ' ಅನ್ನಿ. ತಾಗಿದ ಆ ಗಾಳಿಯೇ ಧಡ್. ಅದು ನೇರ ಹೋಗುತ್ತದೆ, ದನಿ ಮಾತ್ರ ಸುತ್ತಲೂ ಹರಡುತ್ತದೆ. ಆದ್ದರಿಂದ ಮೈಕನ್ನು ಬಾಯಿಯ ಮೂಲೆಗೆ ಸರಿಸಿ, ನಿಮ್ಮ ಕಡೆಗೆ ಓರೆಯಾಗಿ ತಿರುಗಿಸಿ. ಪಾಪ್ ಫಿಲ್ಟರ್ (ಆ ಗಾಳಿ ತಡೆಯುವ ಜಾಲರಿ) ಮೈಕ್‌ನಿಂದ ನಾಲ್ಕು ಬೆರಳು ದೂರವಿರಲಿ, ಅಂಟಿಕೊಂಡರೆ ಕೆಲಸ ಮಾಡದು. ಈ ಓರೆಯಿಂದ ಸ, ಶ ಕೂಡ ತಗ್ಗುತ್ತವೆ. ಸ್ಟೇಜಿನವರ ಹಾಗೆ ಮೈಕ್ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ಹಿಂದಿನ ರಂಧ್ರಗಳು ಮುಚ್ಚಿದರೆ ಮೈಕ್ ದಿಕ್ಕು ಮರೆತು ಎಲ್ಲವನ್ನೂ ಹಿಡಿಯುತ್ತದೆ, ದನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ.

ಸಾಲಿನ ಕೊನೆಯ ವಿಷಯಕ್ಕೆ ತುಂಬ ಗಮನ ಕೊಡಿ. ತುಳುವಿನ 'ಬರ್ಪೆ' ನೋಡಿ: ಕೊನೆಯ ಎಕಾರ ಅಗಲವಾದರೆ 'ನಾನು ಬರುತ್ತೇನೆ', ಕಿರಿದಾದರೆ 'ಅವನು ಬರುತ್ತಾನೆ'. ಉಸಿರು ತೀರಿ ಆ ಸ್ವರ ನುಂಗಿಹೋದರೆ ಬರುವುದು ಯಾರೆಂದೇ ತಿಳಿಯದು. ಪ್ರಾಸ ಕೂತಿರುವುದೂ ಅಲ್ಲೇ. ಇಡೀ ವರ್ಸನ್ನು ಒಂದೇ ಉಸಿರಿಗೆ ಎಳೆಯದೆ ನಾಲ್ಕು ಬಾರ್‌ಗೊಮ್ಮೆ (ತಾಳದ ನಾಲ್ಕು ಸುತ್ತಿಗೊಮ್ಮೆ) ನಿಲ್ಲಿಸಿ. ಮತ್ತೆ ಶುರುಮಾಡುವಾಗ ಹಿಂದಿನ ಸಾಲನ್ನೂ ಸೇರಿಸಿ ಹೇಳಿ, ಆಗ ಆವೇಶ ಒಂದೇ ಮಟ್ಟದಲ್ಲಿರುತ್ತದೆ, ಜೋಡಣೆ ಕಾಣುವುದಿಲ್ಲ.

ಮಿಕ್ಸಿಂಗ್‌ನಲ್ಲಿ 90 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ದನಿ ಮಂದವಾಗಿದ್ದರೆ 300ರ ಸುತ್ತ 2–3 ಡೆಸಿಬೆಲ್ ಇಳಿಸಿ, ಹೆಚ್ಚು ಬೇಡ. ಸ್ವರಗಳ ಗುರುತೂ ಅಲ್ಲೇ ಹತ್ತಿರದಲ್ಲಿದೆ. ಜೋರಿನ ಸದ್ದನ್ನು ಅದುಮುವ ಕಂಪ್ರೆಸರ್ 4:1, ಅಟ್ಯಾಕ್ (ಅದುಮಲು ಹಿಡಿಯುವ ಹೊತ್ತು) 5 ಮಿಲಿಸೆಕೆಂಡ್, ಸೂಜಿ 5–6 ಡೆಸಿಬೆಲ್ ಇಳಿಯುವಷ್ಟು. ಸ, ಶ ತಗ್ಗಿಸುವ ಡಿ-ಎಸ್ಸರ್ 5ರಿಂದ 8 ಕಿಲೋಹರ್ಟ್ಸ್ ನಡುವೆ. ಬೀಟನ್ನು 6 ಡೆಸಿಬೆಲ್ ಇಳಿಸಿಯೇ ಶುರುಮಾಡಿ, ಅದರ 2 ಕಿಲೋಹರ್ಟ್ಸ್ ಸುತ್ತ 2 ಡೆಸಿಬೆಲ್ ತಗ್ಗಿಸಿ ಮಾತಿಗೆ ದಾರಿ ಬಿಡಿ. ಫೋನ್ ಸ್ಪೀಕರ್‌ನಲ್ಲಿ ಸಣ್ಣ ದನಿಯಲ್ಲಿ, ಆ ಸಾಲು ಗೊತ್ತಿಲ್ಲದವರಿಗೆ ಕೇಳಿಸಿ, ಕೇಳಿದ್ದನ್ನು ಬಾಯಿಬಿಟ್ಟು ಹೇಳಲು ಹೇಳಿ.

ಡಬಲ್ (ಮುಖ್ಯ ದನಿಯ ಮೇಲೆ ಸೇರಿಸುವ ಎರಡನೇ ದನಿ) ಬೇಕಿದ್ದರೆ ಅದೇ ಟ್ರ್ಯಾಕ್ ನಕಲು ಮಾಡಬೇಡಿ, ದನಿ ಜೋರಾಗುತ್ತದೆ ಅಷ್ಟೆ. ಇನ್ನೊಮ್ಮೆ ಹೇಳಿ ರೆಕಾರ್ಡ್ ಮಾಡಿ, ಪ್ರತಿ ಸಾಲಿನ ಕೊನೆಯ ಎರಡು ಮೂರು ಪದ ಮಾತ್ರ, ಮುಖ್ಯ ದನಿಗಿಂತ 8 ಡೆಸಿಬೆಲ್ ಕೆಳಗೆ. ಈ ಡಬಲ್‌ನ ಸ, ಶಗಳನ್ನು ಕೈಯಿಂದಲೇ ಇಳಿಸಿ. ಎರಡು 'ಸ' ಒಂದರ ಹಿಂದೊಂದು ಬಂದರೆ ಮೊದಲು ಹಾಳಾಗುವುದು ಪ್ರಾಸವೇ.