ಹೋಯಿ ಆನ್‌ನ ಸೊಪ್ಪಿನ ತೋಟದಲ್ಲಿ ಅಡುಗೆ ತರಗತಿ: ಸಸ್ಯಾಹಾರಿಗಳಿಗೆ ಅರ್ಧ ದಿನ ದಂಡವೇ?

ನಿಮ್ಮ ಪ್ರಶ್ನೆ ಇದು: ಮಾರ್ಚ್‌ನಲ್ಲಿ ವಿಯೆಟ್ನಾಂನ ದಾ ನಾಂಗ್, ಹೋಯಿ ಆನ್ ಕಡೆ ಹೊರಟಿದ್ದೀರಿ. ಟ್ರಾ ಕ್ವೆ ಹಳ್ಳಿಯ ಸಾವಯವ ತೋಟದೊಳಗೆ ನಡೆಯುವ ಅಡುಗೆ ತರಗತಿಗೆ ಅರ್ಧ ದಿನ ಎತ್ತಿಡಬಹುದೇ? ಜೊತೆಗೆ ಬರುವ ನಿಮ್ಮ ಅತ್ತೆ ಮೊಟ್ಟೆಯನ್ನೂ ಮುಟ್ಟುವವರಲ್ಲ, ಅವರು ಅಲ್ಲಿ ಸುಮ್ಮನೆ ಕೂರಬೇಕಾಗುತ್ತದೆಯೇ?

ಎತ್ತಿಡಿ. ಅತ್ತೆಯವರು ಸುಮ್ಮನೆ ಕೂರುವ ಪ್ರಮೇಯವೇ ಬರುವುದಿಲ್ಲ. ನೀರುದೋಸೆ ಹೊಯ್ದು ಪಳಗಿದ ಕೈ ಅವರದಾಗಿದ್ದರೆ ಕಲಿಸುವವರಿಗಿಂತ ಚೆನ್ನಾಗಿ ಮಾಡಿಯಾರು. ಆದರೆ ‘ಐದು ಐಟಂ’, ‘ಏಳು ಐಟಂ’ ಅನ್ನುವ ಪಟ್ಟಿ ನೋಡಿ ಬುಕ್ ಮಾಡಬೇಡಿ. ರೋಲ್ ಸುತ್ತುವುದನ್ನು, ಸಾಸ್ ಕಲಸುವುದನ್ನು ವಿಡಿಯೋ ನೋಡಿಯೂ ಕಲಿಯಬಹುದು. ವಿಡಿಯೋದಲ್ಲಿ ಸಿಗದೇ ಇರುವುದು ಸೊಪ್ಪು. ಯಾವ ಎಲೆ ಯಾವುದರ ಜೊತೆ, ಎಲ್ಲಿ ಚಿವುಟಬೇಕು, ಎಷ್ಟು ಹಾಕಿದರೆ ಜಾಸ್ತಿಯಾಯಿತು ಅನ್ನುವುದು ತೋಟದಲ್ಲಿ ನಿಂತು ಅಗಿದು ನೋಡಿದರೆ ಮಾತ್ರ ತಿಳಿಯುತ್ತದೆ. ಹಾಗಾಗಿ ಪಾತಿಯ ನಡುವೆ ಕನಿಷ್ಠ ಮುಕ್ಕಾಲು ಗಂಟೆ ಕಳೆಯುವ ತರಗತಿ ಆರಿಸಿ. ಟೋಪಿ ಹಾಕಿಸಿ, ಹಾರೆ ಹಿಡಿಸಿ, ಫೋಟೋ ತೆಗೆದು ಹತ್ತು ನಿಮಿಷಕ್ಕೆ ಒಳಗೆ ಕರೆದೊಯ್ಯುವವೂ ಇವೆ.

ಟ್ರಾ ಕ್ವೆ (ಅಲ್ಲಿಯವರ ಬಾಯಲ್ಲಿ ‘ಚಾ ಕ್ವೆ’) ಹೋಯಿ ಆನ್ ಹಳೇ ಪೇಟೆಯಿಂದ ಸುಮಾರು 3 ಕಿ.ಮೀ. ಸೈಕಲ್‌ನಲ್ಲಿ ಕಾಲು ಗಂಟೆ, ದಾರಿಯುದ್ದಕ್ಕೂ ಗದ್ದೆ. ಒಂದು ಕಡೆ ದೆ ವೊಂಗ್ ನದಿ, ಇನ್ನೊಂದು ಕಡೆ ಹಿನ್ನೀರಿನ ಕೊಳ. ನೆಲ ಮರಳುಮಣ್ಣು, ನೀರೂ ನಿಲ್ಲದು, ಸಾರವೂ ನಿಲ್ಲದು. ಇದಕ್ಕೆ ಅಲ್ಲಿಯ ರೈತರು ಹಿಡಿದ ದಾರಿ ನೀರಿನೊಳಗೆ ಬೆಳೆಯುವ ಪಾಚಿಗಿಡ. ಅದನ್ನು ಕೊಳದಿಂದ, ನದಿಯಿಂದ ಬಾಚಿ ತಂದು ಪಾತಿಯಲ್ಲಿ ಹರಡಿ ಮೇಲೆ ಮಣ್ಣು ಮುಚ್ಚುತ್ತಾರೆ. ಅದು ಕೊಳೆತು ಗೊಬ್ಬರವಾಗುವುದಷ್ಟೇ ಅಲ್ಲ, ಸ್ಪಂಜಿನ ಹಾಗೆ ತೇವವನ್ನೂ ಹಿಡಿದಿಡುತ್ತದೆ. ನಮ್ಮಲ್ಲಿ ಅಡಿಕೆ ತೋಟಕ್ಕೆ ಸೊಪ್ಪು ಹಾಕುವುದರ ಹಿಂದೆ ಇರುವ ಲೆಕ್ಕವೇ ಇಲ್ಲಿಯೂ. 2024ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಈ ಹಳ್ಳಿಯನ್ನು ತನ್ನ ‘ಅತ್ಯುತ್ತಮ ಪ್ರವಾಸಿ ಗ್ರಾಮ’ಗಳ ಪಟ್ಟಿಗೆ ಸೇರಿಸಿತು. ಆಮೇಲೆ ಜನ ಹೆಚ್ಚು; ಬೆಳಿಗ್ಗೆ 8ರ ತಂಡಕ್ಕೆ ಹೋಗುವುದು ಎರಡು ರೀತಿಯಲ್ಲಿ ಒಳ್ಳೆಯದು. ಬಿಸಿಲೂ ಕಡಿಮೆ, ಸೊಪ್ಪೂ ಬಾಡಿರುವುದಿಲ್ಲ.

‘ಸಾವಯವ’ ಅನ್ನುವ ಪದವನ್ನು ಅಲ್ಲಿಯೂ ಧಾರಾಳವಾಗಿ ಬಳಸುತ್ತಾರೆ. ಪ್ರಮಾಣಪತ್ರ ಇದೆಯೇ ಎಂದು ನೇರವಾಗಿ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ರೈತರೇ ಒಬ್ಬರ ಜಮೀನನ್ನು ಒಬ್ಬರು ಪರಿಶೀಲಿಸಿ ಸಾವಯವ ಎಂದು ಪ್ರಮಾಣೀಕರಿಸುವ ಪಿಜಿಎಸ್ ಪದ್ಧತಿ ನಮ್ಮಲ್ಲಿರುವಂತೆ ವಿಯೆಟ್ನಾಂನಲ್ಲೂ ಇದೆ.

ತೋಟದಲ್ಲಿ ಮಾಡಿಸುವ ಕೆಲಸ ಸರಳ: ಪಾತಿ ಕೆದಕು, ಪಾಚಿ ಹರಡು, ಮಣ್ಣು ಮುಚ್ಚು, ಸಸಿ ನೆಡು, ನೀರು ಹಾಕು. ಕಷ್ಟವಾಗುವುದು ಕೊನೆಯದೇ. ಹೆಗಲ ಮೇಲೆ ಕಾವಡಿ, ಎರಡು ತುದಿಗೂ ಜಾಲರಿ ಮೂತಿಯ ನೀರಿನ ಡಬ್ಬ. ಎರಡನ್ನೂ ಒಟ್ಟಿಗೆ ಬಾಗಿಸುತ್ತ ನಡೆಯಬೇಕು. ಒಂದನ್ನೇ ಬಾಗಿಸಿದರೆ ಅದು ಹಗುರಾಗಿ ಇನ್ನೊಂದು ಕಡೆ ಎಳೆಯುತ್ತದೆ, ಕಾವಡಿ ಜಾರುತ್ತದೆ. ಬೆನ್ನುನೋವಿರುವವರು ಅರ್ಧ ಡಬ್ಬ ನೀರು ಸಾಕು ಎಂದು ಮೊದಲೇ ಹೇಳಿಬಿಡಿ.

ಈಗ ಸೊಪ್ಪಿಗೆ ಬರೋಣ. ತಿಯಾ ತೋ ಎಂಬುದು ಅಡಿಭಾಗ ನೇರಳೆಯಾಗಿರುವ ಅಗಲ ಎಲೆ, ಸ್ವಲ್ಪ ಜೀರಿಗೆಯ ಘಮ. ಹುಂಗ್ ಕ್ವೆ ನಮ್ಮ ಕಾಮಕಸ್ತೂರಿಯ ಬಳಗ, ಆದರೆ ಸೋಂಪಿನ ಪರಿಮಳ ಎದ್ದು ಕಾಣುತ್ತದೆ. ರಾವ್ ರಾಮ್ ಉದ್ದ ಚೂಪು ಎಲೆ, ಕೊತ್ತಂಬರಿಗೆ ಮೆಣಸಿನ ಖಾರ ಸೇರಿಸಿದ ಹಾಗೆ. ದಿಯೆಪ್ ಕಾ ಹೃದಯದಾಕಾರದ ಎಲೆ. ಹಸಿ ಮೀನಿನ ವಾಸನೆ. ಇದನ್ನು ಅತ್ತೆಯವರಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಸೊಪ್ಪಿಗೆ ಮೀನು ತಾಗಿದೆ ಎಂದುಕೊಂಡು ಊಟವನ್ನೇ ಬಿಟ್ಟಾರು. ಇನ್ನು ಗರಗಸದಂಥ ಅಂಚಿನ ಉದ್ದ ಎಲೆ ಙೋ ಗಾಯ್; ನಮ್ಮ ಕೆಲವರ ಹಿತ್ತಲಲ್ಲಿ ಕಾಡು ಕೊತ್ತಂಬರಿ ಎಂದು ಬೆಳೆಯುವುದು ಇದೇ. (ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ನಮ್ಮ ‘ಙ’ಗೆ ಆ ಭಾಷೆಯಲ್ಲಿ ಬಿಡುವೇ ಇಲ್ಲ.) ಒಂದೊಂದನ್ನೂ ಪ್ರತ್ಯೇಕವಾಗಿ ಅಗಿಯಿರಿ, ನಡುವೆ ನೀರು ಕುಡಿಯಿರಿ. ನಾಲ್ಕನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಕೀಳುವಾಗ ಬೇರುಸಹಿತ ಎಳೆಯಬಾರದು; ತುದಿಯಿಂದ ಎರಡು ಮೂರು ಗಿಣ್ಣು ಬಿಟ್ಟು, ಗಿಣ್ಣಿನ ಮೇಲೆಯೇ ಉಗುರಿನಿಂದ ಚಿವುಟಬೇಕು. ಅಲ್ಲಿಂದ ಎರಡು ಕವಲು ಒಡೆಯುತ್ತವೆ.

ಅಡುಗೆಯಲ್ಲಿ ನಿಮಗೆ ಹೆಚ್ಚು ದಕ್ಕುವುದು ಬಾನ್ ಸೆಯೋ, ಅಂದರೆ ಅಕ್ಕಿಹಿಟ್ಟಿನ ಗರಿಗರಿ ದೋಸೆ. ‘ಸೆಯೋ’ ಅಂದರೆ ಹಿಟ್ಟು ಕಾವಲಿಗೆ ಬಿದ್ದಾಗ ಬರುವ ಚುಂಯ್ ಸದ್ದು. ಆ ಸದ್ದು ಬರಲಿಲ್ಲವೆಂದರೆ ಅರ್ಧ ಕೆಟ್ಟ ಹಾಗೆಯೇ. ಮನೆಗೆ ಬಂದು ಮಾಡಲು ಅಳತೆ: 200 ಗ್ರಾಂ ಅಕ್ಕಿಹಿಟ್ಟು, 1 ಚಮಚ ಕಾರ್ನ್‌ಫ್ಲೋರ್, ಅರ್ಧ ಟೀ ಚಮಚ ಅರಿಶಿನ, ಅರ್ಧ ಟೀ ಚಮಚ ಉಪ್ಪು, 400 ಮಿ.ಲೀ. ನೀರು, 100 ಮಿ.ಲೀ. ತೆಂಗಿನಹಾಲು, ಸಣ್ಣಗೆ ಹೆಚ್ಚಿದ ಈರುಳ್ಳಿಸೊಪ್ಪು. ಕಲಸಿ ಕನಿಷ್ಠ ಅರ್ಧ ಗಂಟೆ ಬಿಡಿ, ಹುದುಗಿಸಬಾರದು. ಅಲ್ಲಿ ಬಳಸುವುದು ನೆನೆಸಿ ಅರೆದು ಒಣಗಿಸಿದ ನಯವಾದ ಹಿಟ್ಟು. ನಮ್ಮ ಅಂಗಡಿಯ ಹಿಟ್ಟು ತರಿಯಾಗಿದ್ದು ಅಂಚು ಒಡೆಯುತ್ತದೆ. ಅದರ ಬದಲು ಸೋನಾಮಸೂರಿ ಅಕ್ಕಿಯನ್ನು 4 ಗಂಟೆ ನೆನೆಸಿ ನೀರುದೋಸೆಗಿಂತಲೂ ನುಣ್ಣಗೆ ಅರೆದರೆ ಎಷ್ಟೋ ವಾಸಿ. ಅಕ್ಕಿ ನೀರು ಹೀರಿರುವುದರಿಂದ ಮೇಲೆ ಸೇರಿಸುವ ನೀರನ್ನು ಸ್ವಲ್ಪ ಕಡಿಮೆ ಮಾಡಿ.

20 ಸೆಂ.ಮೀ. ಬಾಣಲೆಗೆ ಒಂದೂವರೆ ಚಮಚ ಎಣ್ಣೆ, ಚೆನ್ನಾಗಿ ಕಾಯಬೇಕು. ಮೊದಲು ಅಣಬೆ ಅಥವಾ ತೋಫು ಅರ್ಧ ನಿಮಿಷ ಬಾಡಿಸಿ. ಹಿಟ್ಟನ್ನು ತಳದಿಂದ ಕಲಕಿ 60 ಮಿ.ಲೀ.ಯಷ್ಟು ಸುತ್ತಲೂ ಹೊಯ್ದು ಬಾಣಲೆಯನ್ನೇ ತಿರುಗಿಸಿ ಹರಡಿ. ಸೌಟಿನ ಹಿಂಬದಿಯಿಂದ ತೀಡಲು ಹೋಗಬೇಡಿ, ಆಗಲೇ ಕಚ್ಚಿಕೊಂಡಿರುತ್ತದೆ. ಮೇಲೆ ಒಂದು ಹಿಡಿ ಹೆಸರುಕಾಳಿನ ಮೊಳಕೆ. ಮುಚ್ಚಳ ಹಾಕಿ ಒಂದು ನಿಮಿಷ, ತೆಗೆದು ಎರಡರಿಂದ ಮೂರು ನಿಮಿಷ. ನೀರುದೋಸೆ ಕೈಗೆ ಇಲ್ಲೇ ಎಡವಟ್ಟಾಗುವುದು. ನಾವು ಮುಚ್ಚಿ ಬೇಯಿಸಿ ಮೆತ್ತಗಿರುವಾಗಲೇ ಎತ್ತುತ್ತೇವೆ, ಇಲ್ಲಿ ಮುಚ್ಚಳ ತೆಗೆದ ಮೇಲೆಯೇ ನಿಜವಾದ ಕೆಲಸ ಶುರು. ಆವಿ ಪೂರ್ತಿ ಹೋಗಿ ಅಂಚು ತಾನಾಗಿ ಬಾಣಲೆ ಬಿಟ್ಟು ಏಳುವ ತನಕ ಸಟ್ಟುಗ ಹಾಕಬಾರದು. ಮೊಳಕೆ ಎರಡು ಹಿಡಿ ತುಂಬಿದರೆ ಅದು ಬಿಡುವ ನೀರಿಗೇ ಗರಿ ಹೋಗುತ್ತದೆ. ಮೂರನೆಯದರಿಂದ ಮುಂದೆ ತೆಳ್ಳಗಾಗಿ ಹರಿಯುತ್ತಿದ್ದರೆ ಹಿಟ್ಟು ತಳದಲ್ಲಿ ಕೂತಿದೆ, ಕಲಕಿಲ್ಲ ಅಂತ ಅರ್ಥ.

ದಕ್ಷಿಣದ ಸೈಗಾನ್ ಕಡೆ ಇದು ತಟ್ಟೆಯಗಲ. ಹೋಯಿ ಆನ್‌ನಲ್ಲಿ ಚಿಕ್ಕದು. ಅದನ್ನು ಸೊಪ್ಪಿನ ಜೊತೆ ಅಕ್ಕಿಹಾಳೆಯಲ್ಲಿ ಸುತ್ತಿ ಅದ್ದಿ ತಿನ್ನುತ್ತಾರೆ.

ಆ ಅಕ್ಕಿಹಾಳೆಯನ್ನು, ಅಂದರೆ ಬಾನ್ ಚಾಂಗ್ ಅನ್ನು, ಮಾಡುವುದನ್ನೂ ಕಲಿಸುವ ಜಾಗ ಸಿಕ್ಕಿದರೆ ಬಿಡಬೇಡಿ. ಕುದಿಯುವ ನೀರಿನ ಹಂಡೆಯ ಬಾಯಿಗೆ ಬಟ್ಟೆ ಬಿಗಿದು ಕಟ್ಟಿರುತ್ತಾರೆ. ಅದರ ಮೇಲೆ ತೆಳುಹಿಟ್ಟನ್ನು ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ಹರಡಿ, ಮುಚ್ಚಿ, ಅರ್ಧ ನಿಮಿಷಕ್ಕೆ ಬಿದಿರಿನ ಚಪ್ಪಟೆ ಕಡ್ಡಿ ತೂರಿಸಿ ಎತ್ತುವುದು. ಶಿರಸಿ ಕಡೆ ತೊಡದೇವು ಮಾಡುವವರಿಗೆ ಇದು ತಲೆಕೆಳಗಾದ ಪಾಠ: ಅಲ್ಲಿ ಮಡಕೆ ಮಗುಚಿ ಹೊರಮೈಗೆ ಹಿಟ್ಟು ಬಳಿಯುತ್ತಾರೆ, ಇಲ್ಲಿ ಹಂಡೆಯ ಬಾಯಿಗೆ. ಬಟ್ಟೆ ಸಡಿಲಾದರೆ ಹಿಟ್ಟು ನಡುವೆ ಗುಳಿ ಬಿದ್ದು ದಪ್ಪವಾಗುತ್ತದೆ. ಆವಿ ಸಾಲದಿದ್ದರೆ ಎತ್ತುವಾಗ ಹರಿಯುತ್ತದೆ.

ಒಣಗಿಸಿದ ಹಾಳೆಯಲ್ಲಿ ಸುತ್ತುವ ತಾಜಾ ರೋಲ್‌ಗೆ ಗೊಯ್ ಕುವಾನ್ ಎನ್ನುತ್ತಾರೆ. ಎಲ್ಲರೂ ಮಾಡುವ ತಪ್ಪು ಒಂದೇ, ಹಾಳೆ ಮೆತ್ತಗಾಗುವವರೆಗೆ ನೀರಲ್ಲಿ ಬಿಡುವುದು. ಮಾಮೂಲಿ ತಣ್ಣೀರಿಗೆ ಎರಡು ಮೂರು ಸೆಕೆಂಡ್ ಅದ್ದಿ ತೆಗೆಯಿರಿ. ಇನ್ನೂ ಗಟ್ಟಿ ಇದೆಯಲ್ಲ ಅನ್ನಿಸಬೇಕು. ಮಣೆಯ ಮೇಲೆ ಅರ್ಧ ನಿಮಿಷದಲ್ಲಿ ತಾನೇ ಮೆತ್ತಗಾಗುತ್ತದೆ. ಮಣೆಗೆ ಒದ್ದೆ ಬಟ್ಟೆ ಒರೆಸಿರಿ, ಸೊಪ್ಪನ್ನು ಮಾತ್ರ ನೀರು ಪೂರ್ತಿ ಕೊಡವಿ ಇಡಿ. ಮಾಡಿದ ಎರಡು ಗಂಟೆಯೊಳಗೆ ತಿನ್ನಬೇಕು. ಫ್ರಿಜ್‌ನಲ್ಲಿಟ್ಟರೆ ಚರ್ಮದ ಹಾಗಾಗುತ್ತದೆ.

ಬಾಳೆಹೂವಿನ ಸಲಾಡ್ ಪಟ್ಟಿಯಲ್ಲಿದ್ದರೆ ಅದನ್ನೇ ಆರಿಸಿ. ನಾವು ಒಳಗಿನ ಹೂಗಳ ಕಡ್ಡಿ ಬಿಡಿಸಿ ಮಜ್ಜಿಗೆನೀರಿಗೆ ಹಾಕಿ ಬೇಯಿಸಿ ತಿನ್ನುತ್ತೇವೆ. ಅವರು ಒಳಗಿನ ಎಳೆಯ ಪದರಗಳನ್ನು ಕೂದಲೆಳೆಯಂತೆ ಹೆಚ್ಚಿ, ನಿಂಬೆರಸದ ನೀರಿನಲ್ಲಿ ಮುಳುಗಿಸಿ, ಹಸಿಯಾಗಿಯೇ ಬಳಸುತ್ತಾರೆ. ಕಪ್ಪಾಗದಿರಲು ಹುಳಿ ಬೇಕೆಂಬುದು ಎರಡೂ ಕಡೆಗೂ ಗೊತ್ತಿದೆ. ಹೆಚ್ಚಿದ ತಕ್ಷಣ ನೀರಿಗೆ ಬೀಳಬೇಕು, ಹಲಗೆಯ ಮೇಲೆ ಎರಡು ನಿಮಿಷ ಬಿಟ್ಟರೂ ಕಂದು ತಿರುಗುತ್ತದೆ.

ಇನ್ನು ನಿಮ್ಮ ನಿಜವಾದ ಚಿಂತೆ. ತೊಂದರೆ ಕೊಡುವುದು ಮಾಂಸವಲ್ಲ, ಮೀನಿನ ಸಾಸ್, ನುಅಕ್ ಮಾಮ್. ಅದು ಕಣ್ಣಿಗೆ ಕಾಣದೆ ಎಲ್ಲದರೊಳಗೂ ಇರುತ್ತದೆ. ಅದ್ದುವ ನುಅಕ್ ಚಾಮ್‌ನ ಅಳತೆ ಹೀಗೆ: ಸಕ್ಕರೆ 1, ನಿಂಬೆರಸ 1, ಮೀನಿನ ಸಾಸ್ 1, ಬೆಚ್ಚಗಿನ ನೀರು 4 ಪಾಲು, ಮೊದಲು ಸಕ್ಕರೆ ಕರಗಬೇಕು, ಜಜ್ಜಿದ ಬೆಳ್ಳುಳ್ಳಿ ಮತ್ತು ಮೆಣಸಿನಕಾಯಿ ಕೊನೆಗೆ, ಆಗಲೇ ಮೇಲೆ ತೇಲುವುದು. ನಿಮಗೆ ಮೀನಿನ ಸಾಸ್ ಜಾಗಕ್ಕೆ ತಿಳಿ ಸೋಯಾ ಸಾಸ್ ಮುಕ್ಕಾಲು ಪಾಲು, ಚಿಟಿಕೆ ಉಪ್ಪು. ನೀರಿನ ಬದಲು ಎಳನೀರಾದರೆ ಇನ್ನೂ ಚೆಂದ. ಬೌದ್ಧರು ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಸಸ್ಯಾಹಾರ ಮಾಡುವ ರೂಢಿ ಇರುವುದರಿಂದ ‘ಚಾಯ್’ ಎಂಬ ಮಾತು ಎಲ್ಲರಿಗೂ ಗೊತ್ತು. ‘ತೊಯ್ ಆನ್ ಚಾಯ್’ ಅಂದರೆ ನಾನು ಸಸ್ಯಾಹಾರಿ. ಟೀಗೂ ಇದಕ್ಕೂ ಸಂಬಂಧವಿಲ್ಲ. ಅದರ ಮೇಲೆ ‘ಖೋಂಗ್ ನುಅಕ್ ಮಾಮ್, ಖೋಂಗ್ ಚುಂಗ್’ ಎಂದೂ ಸೇರಿಸಿ: ಮೀನಿನ ಸಾಸ್ ಬೇಡ, ಮೊಟ್ಟೆ ಬೇಡ. ಬಾಯಲ್ಲಿ ಹೇಳಿದರೆ ಸ್ವರ ತಪ್ಪಿ ಬೇರೇನೋ ಆದೀತು, ಫೋನಿನಲ್ಲಿ ವಿಯೆಟ್ನಾಮಿ ಲಿಪಿಯಲ್ಲಿ ಬರೆಸಿಟ್ಟು ತೋರಿಸಿ.

ಬುಕ್ ಮಾಡುವ ಮುನ್ನ ಮೆಸೇಜ್‌ನಲ್ಲಿ ಕೇಳಬೇಕಾದ್ದು: ಒಬ್ಬೊಬ್ಬರಿಗೂ ಒಲೆ, ಬಾಣಲೆ ಬೇರೆಯೇ? ಗುಂಪಿನಲ್ಲಿ ಎಷ್ಟು ಜನ? (ಹತ್ತು ದಾಟಿದರೆ ನೀವು ಪ್ರೇಕ್ಷಕರು.) ಚಾಯ್ ಸಾಸ್ ಬೇರೆ ಮಾಡಿಡುತ್ತಾರೆಯೇ? ಮಣೆ, ಚಾಕು ಬೇರೆ ಕೊಡುತ್ತಾರೆಯೇ? ಆಯಿಸ್ಟರ್ ಸಾಸ್, ಮೂಳೆಸಾರು, ಹಂದಿ ಕೊಬ್ಬು ಬಳಸುತ್ತಾರೆಯೇ? ಸ್ವಾಗತಕ್ಕೆ ಕೊಡುವ ‘ತಾಮ್ ಹೂ’ದಲ್ಲಿ ಸಿಗಡಿ, ಹಂದಿಮಾಂಸ, ಸೊಪ್ಪು ಮೂರನ್ನೂ ಈರುಳ್ಳಿಸೊಪ್ಪಿನಿಂದ ಕಟ್ಟಿರುತ್ತಾರೆ, ತೋಫುವಿನದನ್ನು ಹೇಳಿಯೇ ಮಾಡಿಸಬೇಕು. ಮಾರುಕಟ್ಟೆ ಸುತ್ತಾಟ ಸೇರಿದ್ದರೆ ಅತ್ತೆಯವರು ಮೀನಿನ ಸಾಲು ಬಿಟ್ಟು ನೇರ ತೋಟಕ್ಕೆ ಬರಲಿ. ದರ ಸಾಮಾನ್ಯವಾಗಿ ತಲೆಗೆ 25ರಿಂದ 45 ಡಾಲರ್, ನಾಲ್ಕು ಗಂಟೆ ಆಸುಪಾಸು, ಊಟ ಅದರಲ್ಲೇ.

ಮಾರ್ಚ್ ಒಳ್ಳೆಯ ತಿಂಗಳು. ಅಕ್ಟೋಬರ್, ನವೆಂಬರ್ ಆಗಿದ್ದರೆ ಬೇಡ ಅನ್ನುತ್ತಿದ್ದೆ. ಥು ಬೊನ್ ನದಿ ಉಕ್ಕಿ ಹಳೇ ಪೇಟೆಗೇ ನೀರು ನುಗ್ಗುವ ಕಾಲ ಅದು.

ಬೆಂಗಳೂರಿಗೆ ವಾಪಸಾದ ಮೇಲೆ ಹುಂಗ್ ಕ್ವೆ ಬದಲು ಕಾಮಕಸ್ತೂರಿ ಹಾಕಿ. ದೇವರ ಮುಂದಿನ ತುಳಸಿ ನಡೆಯುವುದಿಲ್ಲ, ಲವಂಗದ ಘಾಟು ಉಳಿದೆಲ್ಲವನ್ನೂ ನುಂಗಿಬಿಡುತ್ತದೆ. ಪುದೀನ, ಕೊತ್ತಂಬರಿ, ಈರುಳ್ಳಿಸೊಪ್ಪು ಹೇಗೂ ಇದೆ. ರಾವ್ ರಾಮ್‌ನ ಕಡ್ಡಿ ಲೋಟದ ನೀರಲ್ಲಿ ಇಟ್ಟರೂ ಬೇರು ಬಿಡುತ್ತದೆ ಎಂದು ತೋಟದವರು ಪ್ರೀತಿಯಿಂದ ನಾಲ್ಕು ಕೊಟ್ಟಾರು. ಬ್ಯಾಗಿಗೆ ಹಾಕಬೇಡಿ. ಪರವಾನಗಿ ಇಲ್ಲದೆ ಗಿಡ, ಕಡ್ಡಿ, ಬೀಜ ಭಾರತಕ್ಕೆ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಕಿತ್ತಿಡುತ್ತಾರೆ. ಒಣ ಅಕ್ಕಿಹಾಳೆಗೆ ಆ ರಗಳೆ ಇಲ್ಲ, 22 ಸೆಂ.ಮೀ. ಅಗಲದ ಎರಡು ಪ್ಯಾಕೆಟ್ ತನ್ನಿ, ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಟ್ಟರೆ ಒಡೆಯುವುದಿಲ್ಲ.