ನೋತ್ರ್ ದಾಮ್ ಚರ್ಚಿನ ಆರ್ಗನ್ ಬೆಂಕಿಯಲ್ಲಿ ಸುಡಲಿಲ್ಲ ಅಂತಾರೆ. ಹಾಗಿದ್ರೆ ಅದನ್ನು ಪೂರ್ತಿ ಬಿಚ್ಚಿ ರಿಪೇರಿ ಮಾಡಿದ್ದು ಯಾಕೆ?

ನೀವು ಕೇಳಿದ್ದು ನಿಜ, ಅದು ಸುಡಲಿಲ್ಲ. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ಆ ಚರ್ಚಿನ ಚಾವಣಿ ಉರಿದುಹೋಯಿತು. ಆರ್ಗನ್ ಅಂದ್ರೆ ಕೊಳವೆಗಳಿಗೆ ಗಾಳಿ ಹರಿಸಿ ಕೀಬೋರ್ಡಿನಿಂದ ನುಡಿಸುವ ದೊಡ್ಡ ವಾದ್ಯ. ಅದು ಇದ್ದದ್ದು ಪಶ್ಚಿಮದ ತುದಿಯಲ್ಲಿ, ಎರಡು ಗೋಪುರಗಳ ನಡುವೆ. ಬೆಂಕಿ ಅಲ್ಲಿಗೆ ಮುಟ್ಟಲಿಲ್ಲ, ನೀರೂ ಹೆಚ್ಚೇನೂ ಬೀಳಲಿಲ್ಲ. ಅದನ್ನು ಕೆಡಿಸಿದ್ದು ಧೂಳು.

ಚಾವಣಿಗೆ ಹೊದಿಸಿದ್ದು ಸೀಸದ ತಗಡು. ನೂರಾರು ಟನ್ ಸೀಸ ಆ ರಾತ್ರಿ ಕರಗಿತು. ಅದರ ಸಣ್ಣ ಪುಡಿ ಒಳಗೆಲ್ಲ ಹರಡಿ ಸುಮಾರು 8,000 ಕೊಳವೆಗಳ ಮೇಲೆ, ಒಳಗೆ, ಸಂದುಗೊಂದುಗಳಲ್ಲಿ ಕೂತಿತು. ಇದು ವಿಷದ ಧೂಳು. ಸುಮ್ನೆ ಒರೆಸಿ ಬಿಡೋ ಹಾಗಿರಲಿಲ್ಲ. ಆರ್ಗನ್ ನುಡಿಯೋದೇ ಗಾಳಿಯಿಂದ ಅಲ್ವಾ? ಅಂಥ ಗಾಳಿ ಹರಿಯುವ ದಾರಿಯಲ್ಲೇ ಧೂಳು ಕೂತರೆ ಕವಾಟಗಳು ಸರಿಯಾಗಿ ಮುಚ್ಚೋದಿಲ್ಲ. ಮೇಲಾಗಿ ಚಾವಣಿ ಇಲ್ಲದ ಕಟ್ಟಡದಲ್ಲಿ ಬಿಸಿಲು, ಚಳಿ ನೇರವಾಗಿ ತಟ್ಟುತ್ತವೆ. ಒಳಗಿನ ಮರ, ತೊಗಲು ಎರಡಕ್ಕೂ ಅದು ಒಳ್ಳೆಯದಲ್ಲ.

ಇನ್ನೊಂದು ಕಾರಣ ಅದರ ವಯಸ್ಸು. ಮುಂದೆ ಕಾಣುವ ಮರದ ಕಪಾಟು 1730ರ ದಶಕದ್ದು, ಆರ್ಗನ್ ಕಟ್ಟುತ್ತಿದ್ದ ಫ್ರಾಂಸ್ವಾ ತಿಯೆರಿಯ ಕಾಲದ್ದು. ಆಮೇಲೆ 1780ರ ದಶಕದಲ್ಲಿ ಇನ್ನೊಬ್ಬ ಆರ್ಗನ್ ಕುಶಲಕರ್ಮಿ ಫ್ರಾಂಸ್ವಾ ಆನ್ರಿ ಕ್ಲಿಕೊ ಆರ್ಗನ್ನನ್ನು ದೊಡ್ಡದು ಮಾಡಿದ. ಫ್ರೆಂಚ್ ಕ್ರಾಂತಿಯ ಗಲಭೆಯನ್ನೂ ಅದು ದಾಟಿತು. ಇವತ್ತು ನಾವು ಕೇಳುವ ಗಂಭೀರವಾದ ನಾದ ಮಾತ್ರ ಬಹುಪಾಲು ಅವರ ನಂತರದ ಕುಶಲಕರ್ಮಿ ಅರಿಸ್ತಿದ್ ಕವಾಯೆ-ಕೊಲ್‌ನದು. 1868ರಲ್ಲಿ ಆತ 86 ಸ್ಟಾಪುಗಳು (ಒಂದೊಂದು ಬಗೆಯ ನಾದ ಕೊಡುವ ಕೊಳವೆ ಸಾಲುಗಳು), ಐದು ಕೀಬೋರ್ಡುಗಳ ಹೊಸ ರೂಪ ಕೊಟ್ಟ. ನಂತರ ಸೇರುತ್ತಾ ಸೇರುತ್ತಾ ಸ್ಟಾಪುಗಳು 115 ಆಗಿವೆ. ಲೂಯಿ ವಿಯೆರ್ನ್ 1900ರಿಂದ ಇಲ್ಲಿ ನುಡಿಸಿದರು. ಕಣ್ಣು ಅಷ್ಟಾಗಿ ಕಾಣದ ಆ ಸಂಗೀತಗಾರ 1937ರ ಜೂನ್ 2ರಂದು ಕಛೇರಿಯ ನಡುವೆ, ಇದೇ ಕೀಬೋರ್ಡಿನ ಮುಂದೆ ಪ್ರಾಣ ಬಿಟ್ಟರು. ಇಂಥದ್ದನ್ನು ಅರೆಬರೆ ರಿಪೇರಿ ಮಾಡಿ ಬಿಡೋಕೆ ಯಾರಿಗೆ ಮನಸ್ಸು ಬರುತ್ತೆ?

ಕಟ್ಟಡ ಕುಸಿಯದಂತೆ ನೋಡಿಕೊಳ್ಳುವುದೇ ಮೊದಲ ಕೆಲಸ ಆಗಿತ್ತು. ಹಾಗಾಗಿ ಬಿಚ್ಚುವ ಕೆಲಸ ಶುರುವಾದದ್ದು 2020ರ ಆಗಸ್ಟಿನಲ್ಲಿ. ಡಿಸೆಂಬರ್ ತನಕ ನಡೆಯಿತು. ಕೊಳವೆಗಳು ದಕ್ಷಿಣ ಫ್ರಾನ್ಸಿನ ಕೊರೇಜ್, ವೋಕ್ಲೂಜ್, ಎರೋ ಕಡೆಯ ಕಾರ್ಯಾಗಾರಗಳಿಗೆ ಹೋದವು. ಲೋಹದವನ್ನು ತೊಳೆದರು, ಮರದವನ್ನು ನೀರು ತಾಕಿಸದೆ ಶುಚಿ ಮಾಡಿದರು. ಹೊಸ ಸ್ಟಾಪು ಸೇರಿಸುವ ಆಸೆಗೆ ಹೋಗದೆ, ಬೆಂಕಿಗೆ ಮುಂಚೆ ಹೇಗಿತ್ತೋ ಹಾಗೇ ಉಳಿಸಿಕೊಂಡರು. ನನಗೆ ಅದು ತುಂಬಾ ಸರಿ ಅನ್ನಿಸಿತು.

ಮತ್ತೆ ಜೋಡಿಸಿದ್ದು 2023ರಲ್ಲಿ. ಅಲ್ಲಿಂದ ಮುಂದಿನ ಕೆಲಸವೇ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ: ಶ್ರುತಿ ಮಾಡಿ ನಾದ ಕೂಡಿಸುವುದು. 2024ರಲ್ಲಿ ತಿಂಗಳುಗಟ್ಟಲೆ ರಾತ್ರಿ ಹೊತ್ತು ಇದು ನಡೆಯಿತು. ಹಗಲು ಕಟ್ಟಡದ ಕೆಲಸದ ಗದ್ದಲ, ಕಿವಿಗೆ ಏನೂ ಕೇಳೋದಿಲ್ಲ. ಒಬ್ಬರು ಕೀಬೋರ್ಡಿನಲ್ಲಿ ಒಂದೇ ಕೀ ಒತ್ತಿ ಹಿಡಿಯುತ್ತಾರೆ. ಇನ್ನೊಬ್ಬರು ಕೊಳವೆಗಳ ನಡುವೆ ನುಸುಳಿ ಸರಿಪಡಿಸುತ್ತಾರೆ. ನಾನು ಹಾರ್ಮೋನಿಯಂ ನುಡಿಸುವವನು, ಆದ್ದರಿಂದ ರೀಡಿನ, ಅಂದ್ರೆ ಗಾಳಿಗೆ ಕಂಪಿಸುವ ತೆಳು ಲೋಹದ ನಾಲಗೆ ಇರುವ, ಕೊಳವೆಗಳ ಮೇಲೆ ನನಗೆ ಕಣ್ಣು. ನಮ್ಮ ಹಾರ್ಮೋನಿಯಂ ರೀಡಿನ ತುದಿ ಕೆರೆದರೆ ಶ್ರುತಿ ಏರುತ್ತೆ, ಬುಡ ಕೆರೆದರೆ ಇಳಿಯುತ್ತೆ. ಆರ್ಗನ್ನಿನಲ್ಲಿ ಹಿತ್ತಾಳೆಯ ನಾಲಗೆಯನ್ನು ಒಂದು ಬಾಗಿದ ತಂತಿ ಒತ್ತಿ ಹಿಡಿದಿರುತ್ತೆ. ತಂತಿಯನ್ನು ಮೆಲ್ಲಗೆ ಕೆಳಕ್ಕೆ ತಟ್ಟಿದರೆ ಕಂಪಿಸುವ ಭಾಗ ಚಿಕ್ಕದಾಗಿ ಸ್ವರ ಏರುತ್ತೆ. ಕೂದಲೆಳೆ ಜಾಸ್ತಿ ತಟ್ಟಿದರೂ ಮತ್ತೆ ಮೊದಲಿಂದ. ಅಂದಹಾಗೆ ಹಾರ್ಮೋನಿಯಂ ಕೂಡ ಪ್ಯಾರಿಸ್ಸಿನದೇ, 1842ರಲ್ಲಿ ಅಲೆಕ್ಸಾಂದ್ರ್ ದೆಬೆನ್ ಪೇಟೆಂಟ್ ಪಡೆದದ್ದು.

ಇದನ್ನು ಕಾರ್ಯಾಗಾರದಲ್ಲಿ ಮುಗಿಸಿ ತರೋಕೆ ಆಗಲ್ಲ. ಆ ಕಲ್ಲಿನ ಗೋಡೆಗಳಿಂದ ಮರಳಿ ಬರುವ ಸದ್ದನ್ನು ಅಲ್ಲೇ ನಿಂತು ಕೇಳಿ ಹೊಂದಿಸಬೇಕು. ಗೋಡೆಗಳೂ ಈಗ ತೊಳೆದು ಹೊಸದಾಗಿದ್ದವು.

2024ರ ಡಿಸೆಂಬರ್ 7ರಂದು ಚರ್ಚು ತೆರೆದಾಗ ಆರ್ಚ್‌ಬಿಷಪ್ ಲೊರಾಂ ಉಲ್ರಿಕ್ ಆರ್ಗನ್ನನ್ನು ಎಂಟು ಸಲ ಕರೆದು ಎಬ್ಬಿಸಿದರು. ಪ್ರತಿ ಕರೆಗೂ ಅಲ್ಲಿನ ನಾಲ್ವರು ವಾದಕರು ಸರದಿಯಂತೆ ಮನೋಧರ್ಮದಲ್ಲೇ ಉತ್ತರ ನುಡಿಸಿದರು. ಅದರ ವಿಡಿಯೋ ಸಿಗುತ್ತೆ. ಫೋನಿನ ಸ್ಪೀಕರಿನಲ್ಲಿ ಬೇಡ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ತೀರಾ ಕೆಳಗಿನ ಸ್ವರಗಳು ಫೋನಿನಲ್ಲಿ ಕೇಳಿಸೋದೇ ಇಲ್ಲ.