ಗೈಡ್ ಕೊಳ್ಳುವ ಮೊದಲು ಅದರ ಉತ್ತರದ ಪುಟ ತೆರೆಯಿರಿ

ಓದುಗರ ಪತ್ರ:
"ನಾಲ್ಕು ವರ್ಷದಿಂದ ಕೆಲಸದಲ್ಲಿದ್ದೇನೆ. ಎಂಬಿಎ ಮಾಡುವ ಆಸೆಯಿಂದ ಜಿಮ್ಯಾಟ್ ಬರೆಯಲು ಹೊರಟಿದ್ದೇನೆ. ಇನ್ನು ಮೂರು ತಿಂಗಳಿದೆ. ಅಕ್ಕ 2019ರಲ್ಲಿ ಓದಿದ ನಾಲ್ಕು ಗೈಡುಗಳು ಮನೆಯಲ್ಲಿವೆ, ನಾನೂ ಎರಡು ಕೊಂಡೆ. ಒಂದೊಂದು ಒಂದೊಂದು ದಾರಿ ಹೇಳುತ್ತದೆ. ಯಾವುದು ಒಳ್ಳೆಯದೆಂದು ಹುಡುಕುವುದರಲ್ಲೇ ಒಂದು ತಿಂಗಳು ಹೋಯಿತು. ಸಹೋದ್ಯೋಗಿಯೊಬ್ಬರು 'ಈ ತಿಂಗಳು ಪರೀಕ್ಷೆಯಲ್ಲಿ ಬಂದ ಪ್ರಶ್ನೆಗಳು' ಎಂಬ ಫೈಲ್ ಕೊಡುತ್ತೇನೆ ಅನ್ನುತ್ತಿದ್ದಾರೆ. ದಯವಿಟ್ಟು ಒಂದೇ ಒಂದು ಪುಸ್ತಕದ ಹೆಸರು ಹೇಳಿ, ಸಾಕು."
— ಹೆಸರು ಹಾಕಬೇಡಿ ಎಂದಿರುವ ಓದುಗರು

ಪ್ರಿಯ ಓದುಗರೇ,

ಹೆಸರು ಹೇಳುತ್ತೇನೆ. ಅದಕ್ಕೆ ಮೊದಲು ಅಕ್ಕನ ನಾಲ್ಕು ಪುಸ್ತಕಗಳನ್ನು ಮುಂದಿಟ್ಟುಕೊಂಡು ಕೂತುಕೊಳ್ಳಿ. ನಿಮ್ಮ ಗೊಂದಲದ ಅರ್ಧ ಪಾಲು ಅಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಆ ಪುಸ್ತಕಗಳಲ್ಲಿ ತಪ್ಪಿಲ್ಲ. ಅವು ಹೇಳುವ ಪರೀಕ್ಷೆ ಬೇರೆ, ನೀವು ಬರೆಯುವ ಪರೀಕ್ಷೆ ಬೇರೆ, ಅಷ್ಟೇ.

2023ರ ನವೆಂಬರಿನಲ್ಲಿ ಜಿಮ್ಯಾಟ್ ಹೊಸ ರೂಪಕ್ಕೆ ಬಂತು. 2024ರ ಜನವರಿ ಮುಗಿಯುವಷ್ಟರಲ್ಲಿ ಹಳೆಯದು ಪೂರ್ತಿ ನಿಂತುಹೋಯಿತು. ಮೂರು ಗಂಟೆ ಮೀರುತ್ತಿದ್ದ ಪರೀಕ್ಷೆ ಈಗ ಎರಡು ಗಂಟೆ ಹದಿನೈದು ನಿಮಿಷದ್ದು. ಗಣಿತದ ವಿಭಾಗವಾದ ಕ್ವಾಂಟ್‌ನಲ್ಲಿ 21 ಪ್ರಶ್ನೆ, ಓದು ಮತ್ತು ತರ್ಕದ ವರ್ಬಲ್‌ನಲ್ಲಿ 23, ಮಾಹಿತಿ ಓದಿ ಅರ್ಥಮಾಡಿಕೊಳ್ಳುವ ಡೇಟಾ ಇನ್‌ಸೈಟ್ಸ್‌ನಲ್ಲಿ 20. ಪ್ರತಿ ವಿಭಾಗಕ್ಕೂ 45 ನಿಮಿಷ. ಪ್ರಬಂಧ ಬರೆಯುವುದು ಹೋಯಿತು, ವಾಕ್ಯ ತಿದ್ದುವ ಸೆಂಟೆನ್ಸ್ ಕರೆಕ್ಷನ್ ಹೋಯಿತು, ಕ್ವಾಂಟ್‌ನಿಂದ ರೇಖಾಗಣಿತ ಹೋಯಿತು. ಅಕ್ಕನ ಗೈಡುಗಳಲ್ಲಿ ಎಲ್ಲಕ್ಕಿಂತ ದಪ್ಪಗಿರುವ ಭಾಗ ವ್ಯಾಕರಣದ್ದೇ ಆಗಿದ್ದರೆ ಆಶ್ಚರ್ಯವಿಲ್ಲ. ಆಗ ವರ್ಬಲ್‌ನ ಸುಮಾರು ಮೂರನೇ ಒಂದು ಭಾಗ ಪ್ರಶ್ನೆಗಳು ಅದರವೇ ಇದ್ದವು. ಈಗ ಅಲ್ಲಿ ಒಂದು ವಾರ ಕಳೆದರೂ ಒಂದು ಅಂಕ ಹುಟ್ಟುವುದಿಲ್ಲ.

ಬಿಟ್ಟುಹೋದ ಪಾಠಗಳಿಗಿಂತ ನನಗೆ ಹೆಚ್ಚು ಚಿಂತೆ ಹಳೆಯ ಗೈಡುಗಳಲ್ಲಿ ತೆಳ್ಳಗಿರುವ ಪಾಠದ ಬಗ್ಗೆ. ಆಗ ಇಂಟಿಗ್ರೇಟೆಡ್ ರೀಸನಿಂಗ್ ಎಂಬ 12 ಪ್ರಶ್ನೆಗಳ ವಿಭಾಗ ಇತ್ತು. ಅದರ ಅಂಕ ಬೇರೆಯಾಗಿ ಬರುತ್ತಿತ್ತು, ಒಟ್ಟು ಅಂಕಕ್ಕೆ ಸೇರುತ್ತಿರಲಿಲ್ಲ. ಹಾಗಾಗಿ ಓದುವವರೂ ಅದನ್ನು ಕೊನೆಗೆ ತಳ್ಳುತ್ತಿದ್ದರು, ಗೈಡ್ ಬರೆಯುವವರೂ ಇಪ್ಪತ್ತು ಮೂವತ್ತು ಪುಟದಲ್ಲಿ ಮುಗಿಸುತ್ತಿದ್ದರು. ಇವತ್ತು ಅದೇ ಬಗೆಯ ಪ್ರಶ್ನೆಗಳು ಕೊಟ್ಟ ಮಾಹಿತಿ ಉತ್ತರಿಸಲು ಸಾಕೇ ಎಂದು ಕೇಳುವ ಡೇಟಾ ಸಫಿಷಿಯೆನ್ಸಿಯ ಜೊತೆ ಸೇರಿ ಡೇಟಾ ಇನ್‌ಸೈಟ್ಸ್ ಆಗಿವೆ. ಮೂರೂ ವಿಭಾಗಗಳ ತೂಕ ಸಮ. ಅಂದರೆ ಅಕ್ಕನ ಕಾಲದಲ್ಲಿ ಲೆಕ್ಕಕ್ಕೇ ಇಲ್ಲದ ಕೋಷ್ಟಕ, ನಕ್ಷೆ, ಎರಡು ಮೂರು ಕಡೆಯ ಮಾಹಿತಿ ಕೂಡಿಸಿ ಓದುವ ಪ್ರಶ್ನೆಗಳು ನಿಮ್ಮ ಕಾಲಕ್ಕೆ ಮೂರನೇ ಒಂದು ಪಾಲಿನ ವಿಭಾಗದೊಳಗೆ ಬಂದು ಕೂತಿವೆ. ಹಳೆಯ ಪುಸ್ತಕವನ್ನೇ ನಂಬಿ ಕೂತವರಿಗೆ ಪೆಟ್ಟು ಬೀಳುವುದು ಇಲ್ಲಿ.

ಒಂದು ಗೈಡ್ ಹೊಸದೋ ಹಳೆಯದೋ ಎಂದು ತಿಳಿಯಲು ಮುದ್ರಣದ ವರ್ಷವನ್ನು ಮಾತ್ರ ನಂಬಬೇಡಿ. ರಕ್ಷಾಪುಟ ಬದಲಿಸಿ ಒಳಗಿನದನ್ನು ಹಾಗೇ ಬಿಟ್ಟ ಪುಸ್ತಕಗಳು ವಿಮರ್ಶೆಗೆಂದು ನನ್ನ ಮೇಜಿಗೂ ಬಂದಿವೆ. ಎರಡು ಗುರುತು ಹೇಳುತ್ತೇನೆ. ಹೊಸ ಜಿಮ್ಯಾಟ್‌ನ ಒಟ್ಟು ಅಂಕ 205ರಿಂದ 805ರವರೆಗೆ, ಹತ್ತರ ಅಂತರದಲ್ಲಿ. ಪ್ರತಿಯೊಂದು ಅಂಕವೂ ಐದರಲ್ಲೇ ಕೊನೆಯಾಗುತ್ತದೆ. 700 ಎಂಬ ಅಂಕ ಈಗ ಯಾರಿಗೂ ಬರಲು ಸಾಧ್ಯವೇ ಇಲ್ಲ. ಹಳೆಯ 700ಕ್ಕೆ ಸಮನಾದ ಸ್ಥಾನ ಈಗ ಸುಮಾರು 645. ಆದ್ದರಿಂದ "700 ದಾಟುವುದು ಹೇಗೆ" ಎಂದು ಹೇಳಿಕೊಡುವ ಅಧ್ಯಾಯ ಕಂಡರೆ ಅದು ಹಳೆಯದೆಂದು ತಿಳಿಯಿರಿ. ಎರಡನೆಯದು: "ಒಮ್ಮೆ ಉತ್ತರಿಸಿದ ಪ್ರಶ್ನೆಗೆ ಮರಳುವಂತಿಲ್ಲ" ಎಂಬ ಎಚ್ಚರಿಕೆ. ಈಗ ಪ್ರಶ್ನೆಗಳಿಗೆ ಗುರುತು ಹಾಕಿಟ್ಟು, ಸಮಯ ಉಳಿದರೆ ಕೊನೆಯಲ್ಲಿ ಮರಳಿ ಪ್ರತಿ ವಿಭಾಗದಲ್ಲೂ ಮೂರು ಉತ್ತರಗಳವರೆಗೆ ಬದಲಿಸಬಹುದು. ಇದು ಗೊತ್ತಿಲ್ಲದ ಗೈಡ್ ಸಮಯ ಹಂಚಿಕೊಳ್ಳುವ ಬಗ್ಗೆ ಏನು ಹೇಳಿದರೂ ಅದು ನಿಮಗಲ್ಲ.

ಹಾಗೆಂದು ಅಕ್ಕನ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ವಾದವನ್ನು ತೂಗಿ ನೋಡುವ ಕ್ರಿಟಿಕಲ್ ರೀಸನಿಂಗ್, ಓದಿ ಅರ್ಥಮಾಡಿಕೊಳ್ಳುವ ರೀಡಿಂಗ್ ಕಾಂಪ್ರಹೆನ್ಷನ್, ಅಂಕಗಣಿತ, ಬೀಜಗಣಿತ ಇವೆಲ್ಲ ಇದ್ದ ಹಾಗೇ ಇವೆ. ಆ ಅಧ್ಯಾಯಗಳಿಗೆ ಒಂದೊಂದು ಚೀಟಿ ಅಂಟಿಸಿ. ಉಳಿದ ಪುಟಗಳಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿಬಿಡಿ, ಕಣ್ಣಿಗೆ ಬೀಳದಿರಲಿ.

ಇನ್ನು ನೀವು ಕೇಳಿದ ಹೆಸರು. ಪರೀಕ್ಷೆ ನಡೆಸುವ ಸಂಸ್ಥೆಯೇ ಹೊರತರುವ ಅಫಿಷಿಯಲ್ ಗೈಡ್, ಹೊಸ ಮಾದರಿಗೆ ಬಂದ ಆವೃತ್ತಿ. ಅದರ ಬೆಲೆ ಇರುವುದು ಪ್ರಶ್ನೆಗಳಲ್ಲಿ. ನಿಜವಾದ ಪರೀಕ್ಷೆಯಲ್ಲಿ ಬಳಕೆಯಾಗಿ ನಿವೃತ್ತಿಯಾದ ಪ್ರಶ್ನೆಗಳು ಅವು. ಅದರಲ್ಲೂ ವರ್ಬಲ್‌ಗೆ ಇದಕ್ಕೆ ಬದಲಿ ಇಲ್ಲ ಎಂದೇ ನನ್ನ ಅಭಿಪ್ರಾಯ. ಗಣಿತದ ಒಳ್ಳೆಯ ಪ್ರಶ್ನೆಯನ್ನು ಯಾರಾದರೂ ಅನುಭವಸ್ಥ ಮೇಷ್ಟರು ಬರೆಯಬಲ್ಲರು. ಆದರೆ ಐದು ಆಯ್ಕೆಗಳಲ್ಲಿ ನಾಲ್ಕು ಖಚಿತವಾಗಿ ತಪ್ಪು, ಒಂದು ಮಾತ್ರ ಸರಿ, ಆ ನಾಲ್ಕರಲ್ಲಿ ಎರಡು ಸರಿಯಂತೆಯೇ ಕಾಣಬೇಕು ಎನ್ನುವ ತರ್ಕದ ಪ್ರಶ್ನೆ ಬರೆಯುವುದು ಬಹಳ ಕಷ್ಟ. ಬೇರೆ ಗೈಡುಗಳ ವರ್ಬಲ್ ಪ್ರಶ್ನೆಗಳಲ್ಲಿ ಉತ್ತರದ ಬಗ್ಗೆಯೇ ಜಗಳ ಆಡಬಹುದಾದಂಥವು ಆಗಾಗ ಸಿಗುತ್ತವೆ. ಅವುಗಳಿಂದ ಅಭ್ಯಾಸ ಮಾಡಿದವರ ತರ್ಕ ಹರಿತವಾಗುವುದಕ್ಕಿಂತ ಮಂಕಾಗುವುದೇ ಹೆಚ್ಚು.

ಆ ಒಂದೇ ಪುಸ್ತಕ ಸಾಕೇ? ಗಣಿತ ಬಿಟ್ಟು ಬಹಳ ದಿನವಾದವರಿಗೆ, ವಿಷಯವನ್ನು ಮೊದಲಿಂದ ಕಲಿಯಬೇಕಾದವರಿಗೆ ಸಾಲದು. ಅದರಲ್ಲಿ ಪುನರಾವರ್ತನೆಯ ಪಾಠಗಳಿವೆ, ವಿವರಣೆಗಳೂ ಸರಿಯಾಗಿವೆ. ಆದರೆ ನೀವು ಯಾಕೆ ತಪ್ಪಿದಿರಿ ಎನ್ನುವುದನ್ನು ಅದು ಪಕ್ಕದಲ್ಲಿ ಕೂತು ಹೇಳುವುದಿಲ್ಲ. ಕಲಿಸುವ ಪುಸ್ತಕ ಒಂದು, ಪ್ರಶ್ನೆಗಳ ಪುಸ್ತಕ ಒಂದು, ಎರಡು ಸಾಕು. ಆ ಕಲಿಸುವ ಪುಸ್ತಕವನ್ನು ಆರಿಸುವುದು ಹೇಗೆ ಎನ್ನುವುದೇ ನಿಮ್ಮ ಒಂದು ತಿಂಗಳನ್ನು ತಿಂದ ಪ್ರಶ್ನೆ.

ಇದಕ್ಕೆ ನಾನು ಅನುಸರಿಸುವ ಪರೀಕ್ಷೆ ಒಂದೇ. ಮುನ್ನುಡಿ, ಪುಟಗಳ ಸಂಖ್ಯೆ, ಹಿಂಬದಿಯ ಹೊಗಳಿಕೆ ಯಾವುದನ್ನೂ ನೋಡುವುದಿಲ್ಲ. ಡೇಟಾ ಸಫಿಷಿಯೆನ್ಸಿಯ ಒಂದು ಪ್ರಶ್ನೆಯನ್ನು ನಾನೇ ಬಿಡಿಸುತ್ತೇನೆ, ತಪ್ಪಾಗುವವರೆಗೆ ಒಂದಾದ ಮೇಲೊಂದು. ತಪ್ಪಿದ ಕೂಡಲೇ ಆ ಪ್ರಶ್ನೆಯ ವಿವರಣೆ ತೆರೆಯುತ್ತೇನೆ. ಒಂದು ಉದಾಹರಣೆ ಕೊಡುತ್ತೇನೆ, ನೀವೂ ಬಿಡಿಸಿ ನೋಡಿ.

ಗೋದಾಮಿನಲ್ಲಿ ಒಂದೇ ತೂಕದ ಪೆಟ್ಟಿಗೆಗಳಿವೆ. ಒಂದು ಪೆಟ್ಟಿಗೆಯ ತೂಕ ಕಿಲೋಗ್ರಾಂ ಲೆಕ್ಕದಲ್ಲಿ ಸಮಸಂಖ್ಯೆಯೇ? ಮೊದಲ ಹೇಳಿಕೆ: ಮೂರು ಪೆಟ್ಟಿಗೆಗಳ ಒಟ್ಟು ತೂಕ ಒಂದು ಸಮಸಂಖ್ಯೆ. ಎರಡನೇ ಹೇಳಿಕೆ: ಐದು ಪೆಟ್ಟಿಗೆಗಳ ಒಟ್ಟು ತೂಕ ಒಂದು ಸಮಸಂಖ್ಯೆ. ಉತ್ತರಿಸಲು ಯಾವ ಹೇಳಿಕೆ ಸಾಕು?

ಅವಸರದಲ್ಲಿ ಹೆಚ್ಚಿನವರು "ಎರಡರಲ್ಲಿ ಯಾವುದಾದರೂ ಒಂದು ಸಾಕು" ಅನ್ನುತ್ತಾರೆ. ಮೂರು ಬೆಸಸಂಖ್ಯೆ, ಅದರಿಂದ ಗುಣಿಸಿ ಸಮಸಂಖ್ಯೆ ಬಂದರೆ ಮೂಲವೂ ಸಮವೇ ಇರಬೇಕು ಎಂಬ ಲೆಕ್ಕ. ಸರಿಯುತ್ತರ ಅದಲ್ಲ. ಎರಡೂ ಹೇಳಿಕೆ ಸೇರಿದರೆ ಮಾತ್ರ ಸಾಕು.

ಒಂದು ಗೈಡ್ ಹೀಗೆ ವಿವರಿಸುತ್ತದೆ ಎಂದುಕೊಳ್ಳಿ: "ಮೊದಲ ಹೇಳಿಕೆ ಸಾಲದು. ಎರಡನೆಯದೂ ಸಾಲದು. ಸೇರಿಸಿದರೆ ಸಾಕು." ಇದು ಸತ್ಯ, ಆದರೆ ಓದಿದವರಿಗೆ ಏನೂ ಸಿಗಲಿಲ್ಲ. ಇನ್ನೊಂದು ಗೈಡ್ ಹೀಗೆ ಹೇಳುತ್ತದೆ: "ತೂಕ ಪೂರ್ಣಸಂಖ್ಯೆ ಎಂದು ಪ್ರಶ್ನೆ ಎಲ್ಲೂ ಹೇಳಿಲ್ಲ. ಅದನ್ನು ನೀವೇ ಸೇರಿಸಿಕೊಂಡಿರಿ. ಮೂರು ಪೆಟ್ಟಿಗೆ ಸೇರಿ 4 ಕಿಲೋ ತೂಗಿದರೆ ಒಂದರ ತೂಕ ಒಂದೂಕಾಲಿಗಿಂತ ತುಸು ಹೆಚ್ಚು, ಅದು ಸಮವೂ ಅಲ್ಲ ಬೆಸವೂ ಅಲ್ಲ. ಐದು ಪೆಟ್ಟಿಗೆ ಸೇರಿ 2 ಕಿಲೋ ಆದರೆ ಒಂದು 400 ಗ್ರಾಂ. ಈಗ ಎರಡನ್ನೂ ಸೇರಿಸಿ: ಮೂರು ಪೆಟ್ಟಿಗೆಯ ತೂಕದ ಎರಡರಷ್ಟು ಅಂದರೆ ಆರು ಪೆಟ್ಟಿಗೆಯ ತೂಕ. ಅದರಿಂದ ಐದು ಪೆಟ್ಟಿಗೆಯ ತೂಕ ಕಳೆದರೆ ಒಂದು ಪೆಟ್ಟಿಗೆ ಉಳಿಯುತ್ತದೆ. ಸಮದಿಂದ ಸಮ ಕಳೆದರೆ ಸಮ."

ಎರಡನೆಯ ವಿವರಣೆ ನಿಮ್ಮ ತಪ್ಪಿನ ಹೆಸರು ಹೇಳಿತು: ಕೊಡದ ಮಾಹಿತಿಯನ್ನು ಕೊಟ್ಟಂತೆ ಭಾವಿಸಿದ್ದು. ಅದೇ ತಪ್ಪು ನಾಳೆ ಬಡ್ಡಿಯ ಲೆಕ್ಕದಲ್ಲೋ ವೇಗದ ಲೆಕ್ಕದಲ್ಲೋ ಬಂದರೆ ನೀವು ಗುರುತು ಹಿಡಿಯುತ್ತೀರಿ. ಇಂಥ ವಿವರಣೆ ಇರುವ ಪುಸ್ತಕ ಯಾವ ಪ್ರಕಾಶಕರದ್ದಾದರೂ ಆಗಲಿ, ಕಣ್ಣು ಮುಚ್ಚಿ ಕೊಳ್ಳಿ. ಕ್ರಿಟಿಕಲ್ ರೀಸನಿಂಗ್‌ಗೂ ಇದೇ ಅಳತೆ: ಸರಿಯುತ್ತರ ಯಾಕೆ ಸರಿ ಎಂಬುದಕ್ಕಿಂತ, ನೀವು ಆರಿಸಿದ ಆಯ್ಕೆ ಯಾಕೆ ತಪ್ಪು ಎನ್ನುವುದಕ್ಕೆ ಎಷ್ಟು ಸಾಲು ಕೊಟ್ಟಿದೆ ನೋಡಿ. ಮೂರು ಪ್ರಶ್ನೆಗಳಿಗೆ ಹೀಗೆ ಮಾಡಲು ಅರ್ಧ ಗಂಟೆ ಸಾಕು. ನೀವು ಕೊಂಡಿರುವ ಎರಡು ಗೈಡುಗಳನ್ನೂ ಈ ಸಂಜೆಯೇ ಹೀಗೆ ಪರೀಕ್ಷಿಸಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಯಾರಿಗಾದರೂ ಕೊಟ್ಟುಬಿಡಿ. ಎರಡೂ ಮನೆಯಲ್ಲಿದ್ದರೆ ಒಂದರಲ್ಲಿ ಕಷ್ಟವಾದಾಗಲೆಲ್ಲ ಇನ್ನೊಂದಕ್ಕೆ ಹಾರುತ್ತೀರಿ, ಎರಡರ ಮೊದಲ ಮೂರು ಅಧ್ಯಾಯ ಮಾತ್ರ ಸವೆಯುತ್ತವೆ.

ಮಾದರಿ ಪರೀಕ್ಷೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಜಿಮ್ಯಾಟ್ ಕಂಪ್ಯೂಟರ್ ಹೊಂದಿಸಿಕೊಂಡು ಹೋಗುವ ಪರೀಕ್ಷೆ. ನಿಮ್ಮ ಉತ್ತರ ನೋಡಿಕೊಂಡು ಅದು ಮುಂದಿನ ಪ್ರಶ್ನೆಯ ಕಷ್ಟವನ್ನು ಏರಿಸುತ್ತದೆ, ಇಳಿಸುತ್ತದೆ. ಅಂಕ ನಿಲ್ಲುವುದು ಎಷ್ಟು ಸರಿ ಎನ್ನುವುದರ ಮೇಲಷ್ಟೇ ಅಲ್ಲ, ಎಂಥ ಪ್ರಶ್ನೆ ಸರಿ ಎನ್ನುವುದರ ಮೇಲೂ. ಕಾಗದದ ಪುಸ್ತಕಕ್ಕೆ ಈ ಕೆಲಸ ಆಗುವುದಿಲ್ಲ. ಆದ್ದರಿಂದ ಗೈಡಿನ ಕೊನೆಯಲ್ಲಿ "21ಕ್ಕೆ 15 ಸರಿಯಾದರೆ ನಿಮ್ಮ ಅಂಕ ಇಷ್ಟು" ಎಂಬ ಪಟ್ಟಿ ಇದ್ದರೆ ಅದನ್ನು ನೋಡಿ ಹಿಗ್ಗಲೂಬೇಡಿ, ಕುಗ್ಗಲೂಬೇಡಿ. ಪರೀಕ್ಷೆ ನಡೆಸುವವರೇ ತಮ್ಮ ಜಾಲತಾಣದಲ್ಲಿ ಎರಡು ಪೂರ್ಣ ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತಾರೆ, ಇನ್ನು ಕೆಲವು ಹಣಕ್ಕೆ ಸಿಗುತ್ತವೆ. ಇವನ್ನು ಬಿಟ್ಟು ಬೇರೆಯವರ ಮಾದರಿ ಪರೀಕ್ಷೆಗಳನ್ನು ಹುಡುಕುವುದು ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ. ಒಂದನ್ನು ಈ ವಾರವೇ ಬರೆಯಿರಿ, ನಿಜವಾದ ಸಮಯ ಇಟ್ಟುಕೊಂಡು. ಕ್ವಾಂಟ್‌ನಲ್ಲಿ ಕ್ಯಾಲ್ಕ್ಯುಲೇಟರ್ ಮುಟ್ಟಬೇಡಿ, ಅದು ಸಿಗುವುದು ಡೇಟಾ ಇನ್‌ಸೈಟ್ಸ್‌ನಲ್ಲಿ ಮಾತ್ರ, ಪರದೆಯ ಮೇಲೆ. ಎರಡನೆಯದನ್ನು ಕೊನೆಯ ತಿಂಗಳಿಗೆ ಉಳಿಸಿಕೊಳ್ಳಿ. ಬರೆದದ್ದನ್ನೇ ಮತ್ತೆ ಬರೆದರೆ ಕಂಡ ಪ್ರಶ್ನೆಗಳೇ ಎದುರಾಗಬಹುದು. ಆಗ ಬರುವ ಅಂಕ ನಿಮ್ಮ ನೆನಪಿನದು.

ಇನ್ನು ಆ ಫೈಲ್. ಇದರಲ್ಲಿ ನಾನು ಮೃದುವಾಗಿ ಮಾತಾಡಲಾರೆ: ಬೇಡ ಎಂದು ಇವತ್ತೇ ಹೇಳಿಬಿಡಿ, ಸುಮ್ಮನೆ ನೋಡುವುದಕ್ಕೂ ತೆರೆಯಬೇಡಿ. ಚಾಲ್ತಿಯಲ್ಲಿರುವ ಪ್ರಶ್ನೆಗಳನ್ನು ಹಂಚುವುದೂ ನೋಡುವುದೂ ಪರೀಕ್ಷೆಗೆ ಕೂರುವಾಗ ನೀವು ಒಪ್ಪುವ ನಿಯಮಗಳಿಗೆ ವಿರುದ್ಧ. 2008ರಲ್ಲಿ ಹೀಗೆ ಪ್ರಶ್ನೆ ಮಾರುತ್ತಿದ್ದ ಜಾಲತಾಣವೊಂದರ ಮೇಲೆ ಮೊಕದ್ದಮೆ ನಡೆದು, ಅದನ್ನು ಬಳಸಿದ ಹಲವರ ಅಂಕಗಳು ರದ್ದಾದವು. ಕಾಲೇಜುಗಳಿಗೂ ಸುದ್ದಿ ಮುಟ್ಟಿತು. ನಾಲ್ಕು ವರ್ಷ ದುಡಿದು ಕಟ್ಟಿಕೊಂಡ ಆಸೆಯನ್ನು ಯಾರದೋ ಫೈಲಿಗೆ ಒತ್ತೆ ಇಡಬೇಡಿ. ನಿಮ್ಮ ಸಹೋದ್ಯೋಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಈ ವಿಷಯ ಅವರಿಗೂ ತಿಳಿಸಿ.

ಮೂರು ತಿಂಗಳು ಸಾಕಾಗುತ್ತದೆಯೇ ಎಂಬ ಆತಂಕ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಕೆಲಸ ಮಾಡುತ್ತ ಓದುವವರಿಗೆ ಅದು ಬಿಗಿಯಾದ ಸಮಯ, ಆದರೆ ಆಗದ್ದೇನಲ್ಲ. ಮೊದಲ ಐದು ವಾರ ಕಲಿಸುವ ಪುಸ್ತಕ, ಅಕ್ಕನ ಗೈಡಿನಲ್ಲಿ ಚೀಟಿ ಅಂಟಿಸಿದ ಅಧ್ಯಾಯಗಳ ಲೆಕ್ಕಗಳು. ಅಫಿಷಿಯಲ್ ಗೈಡನ್ನು ಆಗಲೇ ಖಾಲಿ ಮಾಡಬೇಡಿ. ಆ ಪ್ರಶ್ನೆಗಳು ಮಿತವಾಗಿವೆ, ವಿಷಯ ಗೊತ್ತಿಲ್ಲದೆ ಅವನ್ನು ಬಿಡಿಸಿದರೆ ವ್ಯರ್ಥವಾಗುತ್ತವೆ. ಆರನೇ ವಾರದಿಂದ ಅದನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ: ಕ್ವಾಂಟ್‌ನ ಪ್ರಶ್ನೆಯೊಂದಕ್ಕೆ ಎರಡು ನಿಮಿಷಕ್ಕಿಂತ ಸ್ವಲ್ಪವೇ ಹೆಚ್ಚು, ವರ್ಬಲ್‌ನಲ್ಲಿ ಎರಡಕ್ಕಿಂತ ತುಸು ಕಡಿಮೆ, ಡೇಟಾ ಇನ್‌ಸೈಟ್ಸ್‌ನಲ್ಲಿ ಎರಡೂಕಾಲು. ತಪ್ಪಿದ ಪ್ರತಿ ಪ್ರಶ್ನೆಗೂ ಒಂದು ನೋಟ್‌ಬುಕ್‌ನಲ್ಲಿ ಒಂದೇ ಸಾಲು ಬರೆಯಿರಿ. "ಉತ್ತರ ಇದು" ಎಂದು ಬರೆಯುವುದು ಬೇಡ. "ತೂಕ ಪೂರ್ಣಸಂಖ್ಯೆ ಎಂದುಕೊಂಡೆ" ಎಂಬಂಥ ಸಾಲು. ಇನ್ನೊಂದು ತಿಂಗಳ ಮೇಲೆ ಆ ನೋಟ್‌ಬುಕ್‌ನ ಮೊದಲ ನಾಲ್ಕು ಪುಟಗಳ ಪ್ರತಿ ತೆಗೆದು ನನಗೆ ಕಳುಹಿಸಿ. ಯಾವ ತಪ್ಪು ಮತ್ತೆ ಮತ್ತೆ ಬರುತ್ತಿದೆ ಎಂದು ಇಬ್ಬರೂ ಸೇರಿ ನೋಡೋಣ.

— ಸಂಪಾದಕ